ನಾಡಿ ಸಿಗದವರ ನಡುವೆ ಗುಂಯ್ ಅಕ್ಕ

ಮನುಷ್ಯ ನೆಟ್ಟಗೆ ನಿಂತು ಹಲ್ಲುಜ್ಜುತ್ತಿದ್ದಾನೆ. ಅವನ ಮಣಿಕಟ್ಟು ಹಿಡಿದು ನೋಡಿದರೆ ನಾಡಿ ಇಲ್ಲ. ಕತ್ತಿನ ಪಕ್ಕ ಬೆರಳಿಟ್ಟರೆ ಅಲ್ಲೂ ಇಲ್ಲ. ಬಾಯ್ತುಂಬ ನೊರೆ ಇಟ್ಟುಕೊಂಡೇ ಆತ, "ಅಕ್ಕ, ಇವತ್ತೂ ಬಿಸಿನೀರು ಬರ್ತಿಲ್ಲ" ಎಂದು ದೂರುತ್ತಾನೆ. ಮೊದಲ ಸಲ ಈ ವಾರ್ಡಿಗೆ ಕಾಲಿಟ್ಟವರು ಇದನ್ನು ಕಂಡು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತುಬಿಡುತ್ತಾರೆ. ಅಕ್ಕ ಮಾತ್ರ, "ಪ್ಲಂಬರ್ ಬರ್ತಾನೆ, ನೀವು ವೈರು ನೆನೆಸ್ಕೊಬೇಡಿ" ಎಂದು ಮುಂದಿನ ಮಂಚಕ್ಕೆ ಹೋಗುತ್ತಾರೆ.

ಸೂರ್ಯ ಇನ್ನೂ ಎದುರು ಕಟ್ಟಡದ ನೀರಿನ ಟ್ಯಾಂಕಿನ ಹಿಂದೆಯೇ ಇದ್ದಾನೆ. ಗೋಡೆಯುದ್ದಕ್ಕೂ ಚಾರ್ಜರುಗಳ ಹಸಿರು ದೀಪ. ಅಕ್ಕ ಐವತ್ತು ದಾಟಿದ ಹೆಂಗಸು, ಸದ್ದು ಮಾಡದ ರಬ್ಬರು ಅಡಿಯ ಚಪ್ಪಲಿ, ಕೊರಳಲ್ಲಿ ದಾರ ಕಟ್ಟಿದ ಕನ್ನಡಕ, ಇನ್ನೊಂದು ದಾರದಲ್ಲಿ ಬ್ಯಾಂಡೇಜು ಕತ್ತರಿಸುವ ಕತ್ತರಿ. ಪ್ರತಿ ಮಂಚದ ಬಳಿ ಬಗ್ಗಿ ಎದೆಗೆ ಸ್ಟೆತಾಸ್ಕೋಪು ಇಟ್ಟು ಕಣ್ಣು ಮುಚ್ಚುತ್ತಾರೆ. ಎದೆಯೊಳಗಿಂದ ಲಬ್‌ ಡಬ್ ಎಂಬ ಸದ್ದಿನ ಬದಲು ಗುಂಯ್ ಎಂಬ ಒಂದೇ ಸಮದ ಸದ್ದು ಕೇಳಬೇಕು. ಕೇಳಿದರೆ ತಲೆಯಾಡಿಸಿ, "ಗುಂಯ್ ಅಂತಿದೆ, ಸರಿಯಾಗಿದೆ" ಎನ್ನುತ್ತಾರೆ. ಹೆಸರು ಬಂದದ್ದು ಹಾಗೆ. ಈ ವಾರ್ಡಿನಲ್ಲಿ ಅವರಿಗಿಂತ ಇಪ್ಪತ್ತು ವರ್ಷ ದೊಡ್ಡವರೂ ಅವರನ್ನು ಗುಂಯ್ ಅಕ್ಕ ಎಂದೇ ಕರೆಯುತ್ತಾರೆ.

ಆ ಸದ್ದು ಪಂಪಿನದು. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಯಂತ್ರ. ಸೋತುಹೋದ ಗುಂಡಿಗೆಯ ಎಡಭಾಗಕ್ಕೆ ಅದನ್ನು ಕೂರಿಸುತ್ತಾರೆ. ಹೊಟ್ಟೆಯ ಚರ್ಮ ತೂರಿ ಹೊರಬಂದ ವೈರೊಂದು ಸೊಂಟದ ಮೇಲಿನ ಪುಟ್ಟ ಪೆಟ್ಟಿಗೆಗೆ ಸೇರುತ್ತದೆ. ಅದಕ್ಕೆ ಎರಡು ಬ್ಯಾಟರಿ. ಗುಂಡಿಗೆಯಾದರೆ ಹಿಂಡಿ ಬಿಟ್ಟು, ಹಿಂಡಿ ಬಿಟ್ಟು ರಕ್ತ ತಳ್ಳುತ್ತದೆ. ನಾಡಿ ಬಡಿಯುವುದು ಅದರಿಂದ. ಪಂಪು ಬಿಡುವಿಲ್ಲದೆ ತಿರುಗುತ್ತ ಒಂದೇ ಧಾರೆಯಾಗಿ ರಕ್ತ ಹರಿಸುತ್ತದೆ. ಹಾಗಾಗಿ ಇವರಲ್ಲಿ ಬಹಳ ಮಂದಿಗೆ ಕೈಗೆ ಸಿಗುವಂಥ ನಾಡಿ ಇರುವುದಿಲ್ಲ. ನಡೆಯುತ್ತಾರೆ, ಉಣ್ಣುತ್ತಾರೆ, ಜಗಳವಾಡುತ್ತಾರೆ.

ದಿಗಿಲು ಹುಟ್ಟಿಸುವ ಸಂಗತಿ ಮುಂದಿದೆ. ನಮ್ಮ ನಿಮ್ಮ ಗುಂಡಿಗೆ ಲಯ ತಪ್ಪಿ ಸುಮ್ಮನೆ ಅದುರತೊಡಗಿದರೆ ನಿಂತಲ್ಲೇ ಕುಸಿಯುತ್ತೇವೆ. ಇವರಲ್ಲಿ ಎಷ್ಟೋ ಮಂದಿ ಕುಸಿಯುವುದಿಲ್ಲ. ಗುಂಡಿಗೆ ಕೆಲಸ ಬಿಟ್ಟು ನಡುಗುತ್ತಿದ್ದರೂ ಎಡಗಡೆಯ ಪಂಪು ತಿರುಗುತ್ತಲೇ ಇರುತ್ತದೆ. ಮನುಷ್ಯ ಮಾತಾಡುತ್ತಲೇ ಇರುತ್ತಾನೆ. ಹಾಗೆಂದು ಬಿಟ್ಟರೆ ಉಳಿಯುವುದಿಲ್ಲ. ಬಲಭಾಗಕ್ಕೆ ಯಾವ ಪಂಪಿನ ಆಸರೆಯೂ ಇಲ್ಲ. ಅದು ಸೋತಂತೆ ಮೈ ಊದುತ್ತದೆ, ಪಂಪಿಗೆ ಬರುವ ರಕ್ತ ಇಳಿಯುತ್ತದೆ, ಕೊನೆಗೆ ಎಲ್ಲವೂ ನಿಲ್ಲುತ್ತದೆ. ಅದಕ್ಕೇ ಇವರಲ್ಲಿ ಬಹುಪಾಲು ಜನರ ಎಡ ಹೆಗಲ ಕೆಳಗೆ, ಎದೆಯ ಚರ್ಮದೊಳಗೆ, ಇನ್ನೊಂದು ಡಬ್ಬಿ ಇರುತ್ತದೆ. ಲಯ ಕೆಟ್ಟರೆ ಅದು ಗುಂಡಿಗೆಗೆ ಷಾಕ್ ಕೊಟ್ಟು ಸರಿ ಮಾಡುತ್ತದೆ. ಪ್ರಜ್ಞೆ ತಪ್ಪಿದವರಿಗಾದರೆ ಆ ಷಾಕ್ ಗೊತ್ತಾಗುವುದಿಲ್ಲ. ಇವರು ಎಚ್ಚರವಾಗಿರುತ್ತಾರೆ.

"ಎಚ್ಚರ ಇರೋ ಮನುಷ್ಯನ ಎದೆಯೊಳಗಿಂದ ಬೀಳೋ ಒದೆ ಅದು" ಎನ್ನುತ್ತಾರೆ ಅಕ್ಕ. "ನಾನು ತಿಂದಿಲ್ಲ. ತಿಂದವರ ಮುಖ ನೋಡಿದೀನಿ."

ಅಕ್ಕ ಈ ಕೆಲಸಕ್ಕೆ ಓದಿ ಬಂದವರಲ್ಲ. ಕೆಳಗಿನ ಜನರಲ್ ವಾರ್ಡಿನಲ್ಲಿ ನರ್ಸಾಗಿದ್ದರು. ಮೊದಲ ಪಂಪು ರೋಗಿ ಬಂದಾಗ, ಯಾರಾದರೂ ಒಬ್ಬರು ಮೇಲೆ ಹೋಗಿ ಕಲಿಯಬೇಕಿತ್ತು. ಎಲ್ಲರೂ ಸೀಲಿಂಗ್ ನೋಡುತ್ತಿದ್ದಾಗ ಇವರು ಬಾಗಿಲ ಹತ್ತಿರ ಇದ್ದರು. ಅಂದಿನ ಕತೆಯನ್ನು ವಾರ್ಡಿನ ಆಯಾ ಇವತ್ತಿಗೂ ನೆಲ ಒರೆಸುತ್ತ ಹೇಳಿ ನಗಿಸುತ್ತಾಳೆ.

"ಇಡೀ ವಾರ್ಡು ಓಡಾಡ್ತಾ ಇದೆ. ಬೀಪಿ ಮಿಷನ್ನು ಏನೂ ತೋರಿಸ್ತಿಲ್ಲ, ನಾಡಿ ಇಲ್ಲ. ಅಕ್ಕ ಬೆವತು ತೊಟ್ಟಿಕ್ತಿದ್ದಾರೆ. ರೋಗಿ ಎದ್ದು ಕೂತು, 'ಯಾರಮ್ಮ ಸತ್ತಿದ್ದು?' ಅಂತ ಕೇಳ್ತಾನೆ."

"ನೀನೇನು ಮಾಡ್ತಿದ್ದೆ ಹೇಳು" ಎನ್ನುತ್ತಾರೆ ಅಕ್ಕ.

"ನಾನು ಬಕೆಟ್ಟು ಬಿಟ್ಟು ಮೆಟ್ಟಿಲಿಳೀತಿದ್ದೆ. ಸುಳ್ಳು ಯಾಕೆ ಹೇಳ್ಲಿ."

ನಗು ಇನ್ನೂ ಮುಗಿದಿಲ್ಲ, ಲಿಫ್ಟಿನ ಬಾಗಿಲು ತೆರೆಯುತ್ತದೆ. ಹೊರಬಂದವರು ಸ್ಪೀಕರ್ ಮಾಮ ಮತ್ತು ಅವರ ಹೆಂಡತಿ.

ಸ್ಪೀಕರ್ ಮಾಮ ಹಳೆಯ ಧ್ವನಿವರ್ಧಕಗಳನ್ನು ರಿಪೇರಿ ಮಾಡುವವರು. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದು ಶಟರ್ ಅಗಲದ ಅಂಗಡಿ. ಹೆಂಡತಿ ಮನೆಯಲ್ಲೇ ಮಿಷನ್ ಇಟ್ಟುಕೊಂಡು ಕಿಟಕಿ ಪರದೆ ಹೊಲಿಯುತ್ತಾರೆ. ಪಂಪು ಹಾಕಿಸಿಕೊಂಡು ಬಂದ ಮೇಲೆ ಬ್ಯಾಟರಿ ಇಟ್ಟುಕೊಳ್ಳಲು ಆಸ್ಪತ್ರೆ ಕೊಟ್ಟ ಜಾಕೆಟ್ಟು ಮಾಮನಿಗೆ ಹಿಡಿಸಲಿಲ್ಲ. ಹೆಂಡತಿಯೇ ಹತ್ತಿಬಟ್ಟೆಯಲ್ಲಿ ಹೊಸದು ಹೊಲಿದುಕೊಟ್ಟರು. ವಾರ್ಡಿನಲ್ಲಿ ನಾಲ್ಕು ಮಂದಿ ಅದೇ ಅಳತೆಯಲ್ಲಿ ಮಾಡಿಸಿಕೊಂಡಿದ್ದಾರೆ.

"ಏನಣ್ಣ, ತಪಾಸಣೆ ಇರೋದು ನಾಡಿದ್ದು" ಎನ್ನುತ್ತಾರೆ ಅಕ್ಕ.

"ನಿಮ್ಮನ್ನ ನೋಡ್ಬೇಕು ಅನ್ನಿಸ್ತು."

"ನನ್ನ ನೋಡೋಕೆ ಯಾರೂ ಇಷ್ಟು ಬೇಗ ಏಳಲ್ಲ. ಏನಾಯ್ತು ಹೇಳಿ."

"ನಿನ್ನೆಯಿಂದ ಸುಸ್ತು. ಪಾದ ಊದಿದೆ, ಚಪ್ಪಲಿ ಹಿಡೀತಿಲ್ಲ. ನಾನು ನಾಡಿದ್ದು ಹೋದ್ರಾಯ್ತು ಅಂದೆ. ಇವಳು ಕೇಳ್ಬೇಕಲ್ಲ."

ಹೆಂಡತಿ ಬದಲಿ ಬ್ಯಾಟರಿಗಳ ಚೀಲವನ್ನು ಮಗುವಿನಂತೆ ಅವುಚಿಕೊಂಡಿದ್ದಾರೆ.

ಅಕ್ಕ ಅವರನ್ನು ಬಾಗಿಲ ಪಕ್ಕದ ಮಂಚದ ಮೇಲೆ ಕೂರಿಸಿ, ಅಂಗಿಯ ಗುಂಡಿ ಬಿಚ್ಚಿ, ಬ್ಯಾಟರಿ ಜಾಕೆಟ್ಟನ್ನು ಹಾಗೇ ಬಿಟ್ಟು, ಎದೆಗೆ ಅಂಟುಪಟ್ಟಿಗಳನ್ನು ಹಚ್ಚಿ ವೈರು ಸಿಕ್ಕಿಸುತ್ತಾರೆ. ಮಾನಿಟರಿನ ಪರದೆಯ ಮೇಲೆ ಬೆಟ್ಟದ ಸಾಲಿನಂತೆ ಏರಿಳಿಯಬೇಕಿದ್ದ ಗೆರೆ, ಮಗು ಪೆನ್ಸಿಲು ಹಿಡಿದು ಗೀಚಿದಂತೆ ಓಡತೊಡಗುತ್ತದೆ. ಗುಂಡಿಗೆ ಬಡಿಯುತ್ತಿಲ್ಲ. ಬರೀ ಅದುರುತ್ತಿದೆ. ನಿನ್ನೆಯಿಂದಲೇ ಹೀಗಿದ್ದರೂ ಇರಬಹುದು.

"ಟೀ ಸಿಗುತ್ತಾ ಅಕ್ಕ? ಸಕ್ಕರೆ ಸ್ವಲ್ಪ ಮುಂದಾಗಿರ್ಲಿ" ಎನ್ನುತ್ತಾರೆ ಮಾಮ.

ಆಯಾಳ ಕೈಯಲ್ಲಿನ ಒರೆಸು ಕೋಲು ಹಾಗೇ ನಿಂತಿದೆ. ಇಷ್ಟು ವರ್ಷ ಇಲ್ಲಿದ್ದೂ ಆಕೆಗೆ ಇದು ಒಗ್ಗಿಲ್ಲ. ಸತ್ತವರ ಗೆರೆ ಪರದೆಯ ಮೇಲೆ. ಆ ಗೆರೆಯ ಒಡೆಯ ಸಕ್ಕರೆ ಕೇಳುತ್ತಿದ್ದಾನೆ.

"ಟೀ ಆಮೇಲೆ. ಈಗ ಒರಗಿಕೊಳ್ಳಿ" ಎಂದ ಅಕ್ಕನ ದನಿ ಕಿಂಚಿತ್ತೂ ಬದಲಾಗುವುದಿಲ್ಲ. ಒಂದು ಕೈ ಗೋಡೆಯ ಗಂಟೆ ಒತ್ತಿಯಾಗಿದೆ. "ಬೆಳಿಗ್ಗೆ ಏನಾದ್ರೂ ತಿಂದ್ರಾ?"

"ಇಲ್ಲ."

"ನೀರು? ನಿನ್ನೆ ಎಷ್ಟು ಕುಡಿದ್ರಿ?"

ಮಾಮ ಕಿಟಕಿಯ ಕಡೆ ನೋಡುತ್ತಾರೆ. ಹೆಂಡತಿ ಮೊದಲ ಸಲ ಬಾಯಿ ತೆರೆಯುತ್ತಾರೆ. "ಕುಡಿಯಲ್ಲ ಅಕ್ಕ. ಅಂಗಡೀಲಿ ಕೂತ್ರೆ ಏಳೋಕೆ ಬೇಜಾರು. ಬ್ಯಾಟರಿ ಎಲ್ಲ ಹೊತ್ಕೊಂಡು ಓಣಿ ಕೊನೆಯ ಪಾಯಿಖಾನೆಗೆ ಹೋಗ್ಬೇಕಲ್ಲ, ಅದಕ್ಕೆ ನೀರೇ ಬಿಟ್ಟುಬಿಡೋದು."

ಈ ರೋಗಿಗಳಿಗೆ ಅಕ್ಕ ಹೇಳಿ ಹೇಳಿ ಸಾಕಾದ ಮಾತದು. ಸಂಪಿನಲ್ಲಿ ನೀರು ಇಳಿದಾಗ ಮೋಟಾರು ಗಾಳಿ ಎಳೆಯುತ್ತದಲ್ಲ, ಇದೂ ಹಾಗೆ. ಮೈಯಲ್ಲಿ ನೀರು ಕಡಿಮೆಯಾದರೆ ಪಂಪಿಗೆ ಎಳೆಯಲು ರಕ್ತ ಸಾಲದೆ ಗುಂಡಿಗೆಯ ಒಳಗೋಡೆಯನ್ನೇ ಹಿಡಿದೆಳೆಯುತ್ತದೆ. ಮೊದಲೇ ಗಾಯಗೊಂಡ ಗೋಡೆ. ಎಳೆದ ಜಾಗದಿಂದ ಕಿಡಿ ಹಾರಿ ಲಯ ಕೆಡುತ್ತದೆ. ಎಷ್ಟೋ ಸಲ ಔಷಧಕ್ಕೆ ಮೊದಲು ಇವರಿಗೆ ಬೇಕಾಗುವುದು ಒಂದು ಬಾಟಲಿ ಸಲೈನು, ಪಂಪಿನ ವೇಗದಲ್ಲಿ ಒಂದಿಷ್ಟು ಇಳಿತ.

ಲಯದ ಡಾಕ್ಟರು ಬರುತ್ತಾರೆ. ಗುಂಡಿಗೆಯ ಮಿಡಿತವನ್ನಷ್ಟೇ ನೋಡಿಕೊಳ್ಳುವ, ಇನ್ನೂ ನಲವತ್ತು ತುಂಬದ ಮನುಷ್ಯ. ತಲೆಗೂದಲು ಬಾಚಿಕೊಳ್ಳಲು ಇವತ್ತೂ ಪುರಸೊತ್ತಾಗಿಲ್ಲ. ಪರದೆ ನೋಡುತ್ತಾರೆ, ಮಾಮನ ಮುಖ ನೋಡುತ್ತಾರೆ, ಸಲೈನ್ ಹಾಕಲು ಹೇಳಿ ಪಂಪಿನ ವೇಗ ಒಂದು ಹಂತ ಇಳಿಸುತ್ತಾರೆ. ಅರಿವಳಿಕೆಯ ಡಾಕ್ಟರಿಗೆ ಕರೆ ಹೋಗುತ್ತದೆ.

ಆಮೇಲೆ ಮೆಲ್ಲನೆ, "ಸಿಸ್ಟರ್, ಇವರ ಡಬ್ಬಿ ಯಾಕೆ ಸುಮ್ಮನಿದೆ?" ಎನ್ನುತ್ತಾರೆ.

ಅದೇ ಪ್ರಶ್ನೆ ಅಕ್ಕನ ತಲೆಯಲ್ಲೂ ಇದೆ. ಇಷ್ಟು ಕೆಟ್ಟ ಲಯವನ್ನು ಕಂಡ ಡಬ್ಬಿ ಎಂದೋ ಒದೆಯಬೇಕಿತ್ತು. ಕಳೆದ ಸಲ ಒದ್ದಿತ್ತು. ತಿಂಗಳುಗಳ ಹಿಂದೆ ಒಂದು ಮಧ್ಯಾಹ್ನ ಅಂಗಡಿಯಲ್ಲಿ ಬೆಸುಗೆ ಹಾಕುತ್ತಿದ್ದ ಮಾಮನಿಗೆ ಷಾಕ್ ಬಿತ್ತು. ಸುಧಾರಿಸಿಕೊಳ್ಳುವಷ್ಟರಲ್ಲಿ ಇನ್ನೊಂದು, ಅದರ ಬೆನ್ನಿಗೆ ಮತ್ತೊಂದು. ಊಟ ತಂದ ಹೆಂಡತಿ ಹೌಹಾರಿ ತಬ್ಬಿ ಹಿಡಿದರು. ಮುಂದಿನದು ಅವರ ಮೈಗೂ ಚುರುಕ್ಕೆಂದಿತು. ಆಂಬುಲೆನ್ಸಿನಲ್ಲಿ ಬಿತ್ತು, ಈ ಲಿಫ್ಟಿನಲ್ಲಿ ಬಿತ್ತು. ಅಂದು ಡಾಕ್ಟರು ಹೇಳಿದಂತೆ ಡ್ರಾಯರಿನಿಂದ ಬಳೆಯಂಥ ಅಯಸ್ಕಾಂತ ತೆಗೆದು ಡಬ್ಬಿಯ ಮೇಲಿಟ್ಟವರು ಅಕ್ಕನೇ. ಅಯಸ್ಕಾಂತ ಮೇಲಿರುವಷ್ಟು ಹೊತ್ತು ಆ ಡಬ್ಬಿ ಷಾಕ್ ಕೊಡುವುದಿಲ್ಲ. ಕೂಗಾಟ ಒಮ್ಮೆಲೇ ನಿಂತಿತ್ತು. ಆಮೇಲೆ ಔಷಧ ಏರಿಸಿ, ನಿದ್ದೆ ಬರಿಸಿ, ಲಯ ಸರಿಪಡಿಸಿ ಕಳಿಸಿದ್ದರು.

ಈಗ ಅಕ್ಕ ಪಂಪಿನ ಸದ್ದು ಕೇಳಲು ಮಾಮನ ಎದೆಯ ಮೇಲೆ ಬಗ್ಗುತ್ತಾರೆ. ಕೊರಳಿನಿಂದ ತೂಗುತ್ತಿದ್ದ ಕತ್ತರಿ ಒಮ್ಮೆ ಅತ್ತ ವಾಲಿ, ಯಾರೋ ಸೆಳೆದಂತೆ ಸರಕ್ಕನೆ ಹೋಗಿ ಮಾಮನ ಎಡ ಎದೆಗೆ ಟಕ್ ಎಂದು ಅಂಟಿಕೊಳ್ಳುತ್ತದೆ.

ಅಕ್ಕ ನೆಟ್ಟಗಾಗಲು ನೋಡುತ್ತಾರೆ. ಕೊರಳ ದಾರ ಬಿಗಿಯುತ್ತದೆ, ಕತ್ತರಿ ಬಿಡುವುದಿಲ್ಲ. ಜಾಕೆಟ್ಟಿನ ಬಟ್ಟೆಯನ್ನು ಬೆರಳಲ್ಲಿ ಮುಟ್ಟುತ್ತಾರೆ. ಎರಡು ಪದರದ ನಡುವೆ, ಸರಿಯಾಗಿ ಡಬ್ಬಿಯ ಮೇಲೆ, ಗುಂಡನೆಯ ದಪ್ಪ ಬಳೆಯೊಂದು. ಸುತ್ತಲೂ ಸಣ್ಣ ಸಣ್ಣ ಅಚ್ಚುಕಟ್ಟಾದ ಹೊಲಿಗೆ.

"ಅದಾ?" ಎನ್ನುತ್ತಾರೆ ಮಾಮ ನಿರಾಳವಾಗಿ. "ಭಾರಕ್ಕೆ ಇಟ್ಟಿರೋದು. ಬ್ಯಾಟರಿ ಒಂದು ಕಡೆ ಎಳೆಯುತ್ತಲ್ಲ. ಕಿಟಕಿ ಪರದೆ ಅಂಚಿಗೆ ತೂಕ ಹಾಕಿದ್ರೆ ನೆಟ್ಟಗೆ ಇಳಿಬೀಳುತ್ತಂತೆ. ನಮ್ಮವಳ ಉಪಾಯ."

ಅಕ್ಕ ತಿರುಗಿ ನೋಡುತ್ತಾರೆ. ಆ ಹೆಂಗಸಿನ ಮುಖದಲ್ಲಿ ರಕ್ತವೇ ಇಲ್ಲ. ಆಕೆಯ ಕಣ್ಣು ಪರದೆಯ ಮೇಲಿನ ಗೀಚಿನ ಮೇಲಿದೆ. ಯಾರೂ ಏನೂ ಹೇಳಬೇಕಾಗಿಲ್ಲ, ತಿಳಿದುಹೋಗಿದೆ. ಕೈಯಲ್ಲಿದ್ದ ಚೀಲ ಜಾರಿ ಬೀಳುತ್ತದೆ. "ತೆಗೀತೀನಿ ಅಕ್ಕ, ಈಗಲೇ ಕಿತ್ತು ಹಾಕ್ತೀನಿ" ಎನ್ನುತ್ತ ಮಂಚಕ್ಕೆ ನುಗ್ಗಿದಾಕೆಯ ಉಗುರು ಹೊಲಿಗೆಗೆ ತಾಗುವ ಮೊದಲೇ ಅಕ್ಕನ ಅಂಗೈ ಅಯಸ್ಕಾಂತದ ಮೇಲೆ ಕೂತಿರುತ್ತದೆ.

"ಮುಟ್ಟಬೇಡಿ ಅತ್ತಿಗೆ. ಈಗ ತೆಗೆದ್ರೆ ಈ ಕ್ಷಣ ಒದೆಯುತ್ತೆ. ಅವರು ಎಚ್ಚರವಾಗಿದಾರೆ."

ಡಾಕ್ಟರು ಹೌದೆಂದು ತಲೆಯಾಡಿಸುತ್ತಾರೆ. ಡಬ್ಬಿಯನ್ನು ಆ ಅಯಸ್ಕಾಂತವೊಂದೇ ತಡೆದು ನಿಲ್ಲಿಸಿದೆ. ಯಾವುದು ಇವರನ್ನು ಸಾವಿನ ಬಾಗಿಲಿಗೆ ತಂದು ನಿಲ್ಲಿಸಿದೆಯೋ, ನಿದ್ದೆಯ ಮದ್ದು ಏರುವವರೆಗೆ ಅದನ್ನೇ ಅಲುಗದಂತೆ ಕಾಯಬೇಕು.

ಅರಿವಳಿಕೆಯ ಡಾಕ್ಟರು ಇನ್ನೊಂದು ಕಟ್ಟಡದಿಂದ ಬರಬೇಕು. ಆ ಕಾಯುವಿಕೆ ಇದೆಯಲ್ಲ, ಅದೇ ತನ್ನ ಕೆಲಸ ಎನ್ನುತ್ತಾರೆ ಅಕ್ಕ. ಷಾಕ್ ಕೊಡುವವರು ಡಾಕ್ಟರು, ಮಲಗಿಸುವವರು ಡಾಕ್ಟರು. ಗುಂಡಿಗೆ ಬಡಿಯುತ್ತಿಲ್ಲ ಎಂಬುದು ಗೊತ್ತಿರುವ ಮನುಷ್ಯನ ಜೊತೆ ಅಷ್ಟು ಹೊತ್ತು ಕೂತು ಮಾತಾಡಬೇಕಾದವರು ಇವರು. ಸುಳ್ಳು ಹೇಳುವಂತಿಲ್ಲ, ಹೆದರಿಸುವಂತೆಯೂ ಇಲ್ಲ.

"ಅಣ್ಣ, ಲಯ ಕೆಟ್ಟಿದೆ. ನಿಮ್ಮನ್ನ ಮಲಗಿಸಿ ಸರಿ ಮಾಡ್ತಾರೆ. ಎಚ್ಚರ ಇರುವಾಗ ಏನೂ ಮಾಡಲ್ಲ. ನನ್ನ ಕೈ ತೆಗೆಯಲ್ಲ."

ಮಾಮನ ನಗು ಇಳಿದಿದೆ. ಹಣೆಯ ಮೇಲೆ ಬೆವರಿನ ಹನಿ. "ಮಾತು ಕೊಟ್ರಿ."

"ಕೊಟ್ಟೆ. ಅಂಗಡೀಲಿ ಈಗ ಏನು ಕೆಲಸ ಇದೆ?"

"ಒಂದು ಹಳೇ ಕಾಲದ್ದು. ದೊಡ್ಡದು. ಕಾಗದ ಹರಿದಿದೆ, ಕಾಯಿಲ್ ಚೆನ್ನಾಗಿದೆ. ಮ್ಯಾಗ್ನೆಟ್ ಎಲ್ಲಿಟ್ಟೆ ಅಂತಲೇ ಗೊತ್ತಾಗ್ತಿಲ್ಲ. ಗಿರಾಕಿ ದಿನಾ ಬಂದು ಬೈತಾನೆ..." ಮಾತು ಅಲ್ಲಿಗೆ ನಿಲ್ಲುತ್ತದೆ. ಮಾಮ ಕಣ್ಣು ಹೊರಳಿಸಿ ಅಕ್ಕನ ಅಂಗೈ ನೋಡುತ್ತಾರೆ. ಆಮೇಲೆ ಗೋಡೆಗೆ ಒರಗಿ ನಿಂತ ಹೆಂಡತಿಯನ್ನು. ಏನೋ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಅರಿವಳಿಕೆಯ ಡಾಕ್ಟರು ಏದುಸಿರು ಬಿಡುತ್ತ ಒಳಬರುತ್ತಾರೆ.

ಮದ್ದು ಏರುತ್ತದೆ. ಕಣ್ಣು ಮುಚ್ಚುತ್ತದೆ. ಬಲ ಎದೆಗೊಂದು, ಬೆನ್ನಿಗೊಂದು ಅಂಟುಪಟ್ಟಿ. "ಎಲ್ಲರೂ ದೂರ" ಎಂದಾಗ ಎಲ್ಲರಿಗಿಂತ ಕೊನೆಗೆ ಎದ್ದದ್ದು ಅಕ್ಕನ ಕೈ. ಮೊದಲ ಷಾಕಿಗೆ ಮೈ ಮೇಲೆದ್ದು ಬೀಳುತ್ತದೆ. ಗೀಚು ಹಾಗೇ ಇರುತ್ತದೆ. ಗೋಡೆಯ ಕಡೆಯಿಂದ ಒಂದು ಸಣ್ಣ ಸದ್ದು, ಬಟ್ಟೆ ಹರಿದಂತೆ. ಹೆಂಡತಿ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಾರೆ. ಎರಡನೆಯ ಷಾಕ್. ಗೆರೆ ಒಂದು ಕ್ಷಣ ಚಪ್ಪಟೆಯಾಗಿ, ಆಮೇಲೆ ಒಂದು ಬೆಟ್ಟ ಏಳುತ್ತದೆ. ಇನ್ನೊಂದು. ಮತ್ತೊಂದು.

ಹೊರಗೆ ಕಾರಿಡಾರಿನಲ್ಲಿ ಒಂದು ಸ್ಟೀಲು ಬೆಂಚಿದೆ. ಅದರ ಮೇಲೆ ಕೂತ ಹೆಂಗಸಿನ ಪಕ್ಕ ಅಕ್ಕ ಬಂದು ಕೂರುತ್ತಾರೆ. ಬೈಗುಳ ಬರುತ್ತದೆಂದು ಆಕೆ ಕಾಯುತ್ತಿದ್ದಾರೆ. ಬರುವುದಿಲ್ಲ.

"ಅವತ್ತು ನೀವೇ ಇಟ್ರಲ್ಲ ಅಕ್ಕ" ಎನ್ನುತ್ತಾರೆ ಕೊನೆಗೆ ತಾನಾಗಿಯೇ. "ಇಟ್ಟ ತಕ್ಷಣ ನಿಂತ್ಹೋಯ್ತು. ಬಾಗಿಲ ಗಾಜಿನಿಂದ ನೋಡ್ದೆ. ಅವರ ಅಂಗಡೀಲಿ ಅಂಥವು ರಾಶಿ ಬಿದ್ದಿವೆ. ಇಷ್ಟೇನಾ ಅನ್ಕೊಂಡೆ. ಮನೇಲಿ ಪ್ರೆಶರ್ ಕುಕ್ಕರ್ ಕೂಗಿದ್ರೆ ಬೆಚ್ಚಿಬಿದ್ದು ಎದೆ ಹಿಡ್ಕೊಳ್ಳೋರು. ಮಲಗೋಕೆ ಹೆದರೋರು. ಇದನ್ನ ಹೊಲಿದ ಮೇಲೆ ಒದೆ ಬಿದ್ದೇ ಇಲ್ಲ. ವಾಸಿಯಾಯ್ತು ಅಂತ ಅವರೂ ಖುಷಿ. ನಾನೂ..."

ಅವತ್ತು ಇದೇ ಬೆಂಚಿನ ಮೇಲೆ ಈಕೆಯನ್ನು ಕೂರಿಸಿ ಬಾಗಿಲು ಹಾಕಿದ್ದರು. ಒಳಗೆ ಡಾಕ್ಟರು ಮಾಮನಿಗೆ ಎಲ್ಲ ವಿವರಿಸಿದ್ದರು: ಅಯಸ್ಕಾಂತ ಆ ಹೊತ್ತಿಗೆ ಮಾತ್ರ ಎಂದು, ಡಬ್ಬಿ ಇನ್ನು ಆತುರಪಡದಂತೆ ಬದಲಾಯಿಸಿದ್ದೇವೆ ಎಂದು, ಮೊದಲು ನೋವೇ ಇಲ್ಲದ ಸಣ್ಣ ಮಿಡಿತಗಳನ್ನು ಕೊಟ್ಟು ನೋಡುತ್ತದೆ, ಪಂಪು ಹೇಗೂ ಹೊತ್ತು ಸಾಗಿಸುತ್ತಿರುವುದರಿಂದ ಸಾಕಷ್ಟು ಕಾಯುತ್ತದೆ, ಏನೂ ಆಗದಿದ್ದರೆ ಮಾತ್ರ ಷಾಕ್ ಎಂದು. ಮದ್ದಿನ ಮಂಪರಿನಲ್ಲಿದ್ದ ಮಾಮ ಹೂಂಗುಟ್ಟಿದ್ದರು. ಮನೆಗೆ ಹೋಗಿ ಹೆಂಡತಿಗೆ ಹೇಳಿದ್ದು, "ಎಲ್ಲ ಸರಿ ಮಾಡಿದಾರಂತೆ" ಎಂಬ ಒಂದೇ ಮಾತು.

ಅದನ್ನೆಲ್ಲ ಅಕ್ಕ ಈಗ ಹೇಳುತ್ತಾರೆ. ಒಂದೊಂದಾಗಿ, ಸಣ್ಣ ದನಿಯಲ್ಲಿ. ಹೇಳುತ್ತಿದ್ದಂತೆ ಆ ಹೆಂಗಸಿನ ಕಣ್ಣು ಅಗಲವಾಗುತ್ತದೆ.

"ಹಾಗಾದ್ರೆ ನಾನು ಅದನ್ನ ಇಡದೇ ಇದ್ದಿದ್ರೆ, ನಿನ್ನೆ ನೋವಿಲ್ಲದೇ..."

"ಆಗ್ತಿತ್ತೋ ಏನೋ. ಆಗದೇನೂ ಇರಬಹುದಿತ್ತು. ನೀರು ಕುಡೀದೇ ಇದ್ದವರು ಅವರು. ನಿಮ್ಮನ್ನ ಒಳಗೆ ಕರೀದೇ ಇದ್ದವರು ನಾವು."

"ಅವರಿಗೆ ಹೇಳಬೇಡಿ ಅಕ್ಕ."

"ನಾನು ಹೇಳಲ್ಲ. ನೀವೇ ಹೇಳಿ." ಕೊರಳಿನ ಕತ್ತರಿ ಬಿಚ್ಚಿ ಆಕೆಯ ಮಡಿಲಲ್ಲಿಡುತ್ತಾರೆ. "ಹೊಲಿದ ಕೈಯೇ ಬಿಚ್ಚಲಿ. ಈಗ ಲಯ ಸರಿ ಇದೆ, ಭಯ ಇಲ್ಲ. ಬನ್ನಿ."

ಮಾಮನಿಗೆ ಎಚ್ಚರವಾದಾಗ ಹೆಂಡತಿ ಮಂಚದ ಅಂಚಿನಲ್ಲಿ ಕೂತು ಹೊಲಿಗೆ ಬಿಚ್ಚುತ್ತಿದ್ದಾರೆ. ಬಟ್ಟೆ ಎಲ್ಲೂ ಹರಿಯುವುದಿಲ್ಲ. ಕಪ್ಪನೆಯ ಬಳೆ ಹೊರಬರುತ್ತದೆ. ಅದನ್ನು ಗಂಡನ ಕೈಗೇ ಇಡುತ್ತಾರೆ. ಮಾಮ ತಿರುಗಿಸಿ ತಿರುಗಿಸಿ ನೋಡುತ್ತಾರೆ.

"ಇದು ಆ ದೊಡ್ಡ ಸ್ಪೀಕರಿಂದು."

"ಹೂಂ."

"ಆ ಗಿರಾಕಿ ಹತ್ರ ಎಷ್ಟು ಬೈಸ್ಕೊಂಡೆ ಗೊತ್ತಾ. ಇಲಿ ಎಳ್ಕೊಂಡು ಹೋಗಿರ್ಬೇಕು ಅಂತ ಹೇಳಿದೀನಿ ಕಣೇ ಅವನಿಗೆ. ಇಲಿ."

ಆಯಾ ಮೊದಲು ನಗುತ್ತಾಳೆ. ಆಮೇಲೆ ಆ ಹೆಂಗಸು, ನಗುತ್ತಲೇ ಬಿಕ್ಕಿ ಬಿಕ್ಕಿ ಅಳುತ್ತಾರೆ. ಮಾಮ ಅಯಸ್ಕಾಂತವನ್ನು ಬದಿಗಿಟ್ಟು ಹೆಂಡತಿಯ ಕೈ ಹಿಡಿಯುತ್ತಾರೆ. ಆಮೇಲೆ ಆಡಿದ ಮಾತು ಎಷ್ಟು ಮೆಲ್ಲಗಿತ್ತೆಂದರೆ, ಸಲೈನ್ ಬದಲಿಸುತ್ತಿದ್ದ ಅಕ್ಕನಿಗಷ್ಟೇ ಕೇಳಿಸಿತು.

"ನಾನೂ ಎರಡು ಸಲ ಇಂಥದ್ದೇ ಮ್ಯಾಗ್ನೆಟ್ ಕೈಗೆ ತಗೊಂಡಿದ್ದೆ. ಎದೆ ಹತ್ರ ತಂದು ವಾಪಸ್ ಇಟ್ಟೆ. ನಿಂಗೆ ಗೊತ್ತಾದ್ರೆ ಬೈತೀಯ ಅಂತ."

ಅಂದು ಸಂಜೆ ಮನೆಗೆ ಹೋದ ಅಕ್ಕನಿಗೆ ಊಟ ಸೇರುವುದಿಲ್ಲ. ಶಾಲೆಯ ವ್ಯಾನು ಓಡಿಸುವ ಗಂಡ ತಟ್ಟೆ ಮುಂದಿಟ್ಟು ಎದುರು ಕೂರುತ್ತಾರೆ. ದಿನವೂ "ಇವತ್ತು ನಾಡಿ ಇಲ್ಲದೋರು ಎಷ್ಟು ಜನ ನಡೆದಾಡಿದ್ರು?" ಎಂದು ಕೇಳುವ ಅತ್ತೆ, ಸೊಸೆಯ ಮುಖ ನೋಡಿ ಅಂದು ಕೇಳುವುದಿಲ್ಲ. ಕಿವಿಯ ಯಂತ್ರ ಸರಿಮಾಡಿಕೊಂಡು ಪಕ್ಕಕ್ಕೆ ಬರುತ್ತಾರೆ.

"ಹೆದರಿದ್ದು ಒಬ್ಬರೇ ಅಲ್ಲ ಅತ್ತೆ. ಒಂದೇ ಮನೆಯೊಳಗೆ ಇಬ್ಬರೂ ಒಬ್ಬರಿಗೊಬ್ಬರು ಕಾಣದ ಹಾಗೆ ಅದೇ ಮ್ಯಾಗ್ನೆಟ್ ಹಿಡ್ಕೊಂಡು ಕೂತಿದ್ದಾರೆ. ಇನ್ನು ಉಳಿದೋರು?"

"ಕೇಳಿದ್ಯಾ ಅವರನ್ನ?" ಎನ್ನುತ್ತಾರೆ ಅತ್ತೆ.

ಕೇಳಿರಲಿಲ್ಲ. ನೀರು ಕುಡಿದಿರಾ, ಬ್ಯಾಟರಿ ಬದಲಿಸಿದಿರಾ, ವೈರಿನ ಗಾಯ ಒಣಗಿತೇ ಎಂದು ದಿನವೂ ಕೇಳುತ್ತಿದ್ದರು. ಇದೊಂದನ್ನು ಯಾರೂ ಕೇಳಿರಲಿಲ್ಲ.

ಮರುದಿನ ಬೆಳಗಿನ ಸುತ್ತಿನಲ್ಲಿ ಕೇಳಿದರು. ಹಲ್ಲುಜ್ಜುತ್ತಿದ್ದ ಆ ಮನುಷ್ಯ ಬ್ರಷ್ಷನ್ನು ಬಾಯಿಂದ ತೆಗೆದು, ತನಗೆ ಸಾವಿಗಿಂತ ಡಬ್ಬಿಯದೇ ಹೆದರಿಕೆ ಎಂದ. ಕಿಟಕಿ ಪಕ್ಕದ ಮಂಚದ ಅಜ್ಜಿ, ಷಾಕ್ ಬಿದ್ದಾಗ ತಾನು ಕೂತಿದ್ದ ಕುರ್ಚಿಯ ಮೇಲೆ ಇವತ್ತಿಗೂ ಕೂರುವುದಿಲ್ಲವೆಂದರು. ಇನ್ನೊಬ್ಬ, ಮಗಳನ್ನು ಎತ್ತಿಕೊಳ್ಳುವುದನ್ನೇ ಬಿಟ್ಟಿದ್ದ. ಎತ್ತಿಕೊಂಡಾಗಲೇ ಒದ್ದರೆ ಎಂದು. ಅಕ್ಕ ಆ ಮಂಚದಿಂದ ಈ ಮಂಚಕ್ಕೆ ಹೋಗುತ್ತ ದಂಗಾಗಿಹೋದರು. ಎಲ್ಲ ಎದೆಗಳಿಗೂ ಇಷ್ಟು ವರ್ಷ ಕಿವಿಯಿಟ್ಟಿದ್ದಾರೆ. ಕೇಳಿಸಿದ್ದು ಪಂಪು ಮಾತ್ರ.

ಈಗ ವಾರ್ಡಿನಲ್ಲಿ ಪದ್ಧತಿ ಬದಲಾಗಿದೆ. ಡಾಕ್ಟರು ಡಬ್ಬಿಯ ಬಗ್ಗೆ ಮಾತಾಡುವಾಗ ಮನೆಯವರೊಬ್ಬರು ಮಂಚದ ಪಕ್ಕ ಕೂರಲೇಬೇಕು. ಕಾರಿಡಾರಿನ ಸ್ಟೀಲು ಬೆಂಚನ್ನು ಅಕ್ಕ ಒಳಗೇ ಹಾಕಿಸಿದ್ದಾರೆ. ಷಾಕ್ ತಿಂದವರ ಡಬ್ಬಿಯನ್ನೆಲ್ಲ ಲಯದ ಡಾಕ್ಟರು ಮತ್ತೊಮ್ಮೆ ಪರೀಕ್ಷಿಸಿ, ಕಾಯಬಹುದಾದಷ್ಟು ಕಾಯುವಂತೆ ಮಾಡಿದ್ದಾರೆ. ಸ್ಪೀಕರ್ ಮಾಮನ ಗುಂಡಿಗೆಯೊಳಗೆ ಸಣ್ಣ ತಂತಿ ಕಳಿಸಿ ಕಿಡಿ ಹುಟ್ಟುವ ಜಾಗವನ್ನು ಸುಟ್ಟಿದ್ದಾಗಿದೆ. ಆಮೇಲೆ ಲಯ ಕೆಟ್ಟಿಲ್ಲ. ಅಂಗಡಿಯಲ್ಲಿ ಅವರ ಕಾಲ ಬಳಿ ಹೆಂಡತಿ ಇಟ್ಟ ಎರಡು ಬಾಟಲಿ ನೀರು ಇರುತ್ತದೆ. ಸಂಜೆ ಆಕೆ ಬರುವಷ್ಟರಲ್ಲಿ ಖಾಲಿಯಾಗಿರಬೇಕು. ಗಿಡಕ್ಕೆ ಸುರಿದು ಸಿಕ್ಕಿಬಿದ್ದದ್ದೂ ಉಂಟಂತೆ.

"ಇನ್ಮೇಲೆ ಎಲ್ಲರ ಎದೆ ಮೇಲೂ ಕತ್ತರಿ ತೂಗಾಡ್ಸಿ ನೋಡಿಬಿಡಿ ಅಕ್ಕ, ಕಳ್ಳ ಮಾಲು ಸಿಕ್ಕಿಬೀಳುತ್ತೆ" ಎಂದು ಆಯಾ ಕೀಟಲೆ ಮಾಡುತ್ತಾಳೆ. ಅಕ್ಕ ಈಗ ಬಗ್ಗುವ ಮೊದಲು ಕತ್ತರಿಯನ್ನು ಜೇಬಿಗೆ ಹಾಕಿಕೊಳ್ಳುತ್ತಾರೆ. "ಜೇಬು ತಡಕಿದ್ರೆ ಯಾರು ತಾನೇ ಬಾಯಿ ಬಿಡ್ತಾರೆ? ಕೇಳಿದ್ರೆ ಹೇಳ್ತಾರೆ."

ಇನ್ನೇನು ಬೇಕು ಎಂದು ಕೇಳಿದರೆ ಬಿಸಿನೀರಿನ ಪೈಪು ರಿಪೇರಿಯಾಗಬೇಕು ಎನ್ನುತ್ತಾರೆ. ಆಮೇಲೆ ಸ್ವಲ್ಪ ಯೋಚಿಸಿ, "ಎಚ್ಚರ ಇರೋ ಯಾರ ಎದೆಗೂ ಆ ಒದೆ ಬೀಳಬಾರದು. ಬಿದ್ದೇ ಬೀಳೋದಾದ್ರೆ ಪಕ್ಕದಲ್ಲಿ ಯಾರಾದ್ರೂ ಇರ್ಬೇಕು."

ಪತ್ರಿಕೆಯಲ್ಲಿ ತನ್ನ ವಿಷಯ ಬರುತ್ತದೆಂದರೆ ಅವರಿಗೆ ಕಸಿವಿಸಿ. ಲಯ ಸರಿ ಮಾಡಿದ್ದು ಡಾಕ್ಟರು, ಹೊತ್ತಿಗೆ ಎಬ್ಬಿಸಿಕೊಂಡು ಬಂದದ್ದು ಹೆಂಡತಿ. ತಾನೇನು ಮಾಡಿದೆ ಎನ್ನುತ್ತಾರೆ. ಮುಂದಿನ ಮಂಚಕ್ಕೆ ಹೊರಟವರು ಎರಡು ಹೆಜ್ಜೆ ಹೋಗಿ ನಿಲ್ಲುತ್ತಾರೆ. ಬಲಗೈ ಬಿಚ್ಚಿ ಒಮ್ಮೆ ನೋಡಿಕೊಳ್ಳುತ್ತಾರೆ.

"ಬರೆಯೋದಿದ್ರೆ ಒಂದು ಬರೀರಿ. ಅವರಿಗೆ ನಿದ್ದೆ ಬರೋವರೆಗೂ ಈ ಕೈ ಅಲುಗಲಿಲ್ಲ."